ರೋಮನರ ಒಡವೆ, ಪುನ್ನಾಟದ ಹರಳು

ಪ್ರಾಚೀನ ರೋಮನರ ಜೀವನವನ್ನು ಕುರಿತ ವಿಚಿತ್ರ ಕಥೆಗಳನ್ನು ನಮ್ಮ ವಿದ್ಯಾರ್ಥಿಗಳು ವಿನೋದಕ್ಕಾಗಿ ಓದಿ ಮರೆತುಬಿಡುವುದು ವಾಡಿಕೆ. ಟೈಬರ್ ನದಿಯ ದಡದವರ ಔತಣ ಒಡವೆಗಳಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯ ವಿದ್ಯಾರ್ಥಿಗೆ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಆದರೆ ಅವುಗಳಲ್ಲಿ ಕೆಲವು ಕಾವೇರಿಯ ಸೀಮೆಯವರೆಗೂ ಬರುತ್ತವೆ. ಅವುಗಳ ಸತ್ಯಾಸತ್ಯತೆಯನ್ನು ತೂಗಿ ನೋಡುವ ಸಾಧನವೂ ಒಂದು ಮಟ್ಟಿಗೆ ನಮ್ಮ ನೆಲದಲ್ಲಿಯೇ ದೊರೆಯುತ್ತದೆ.

ಇಂತಹ ಕಥೆಗಳ ದೊಡ್ಡ ಭಂಡಾರವೆಂದರೆ ಪ್ಲಿನಿಯ (ಕ್ರಿ. ಶ. 23–79) ‘ಪ್ರಕೃತಿ ಚರಿತ್ರೆ’. ಚಕ್ರವರ್ತಿ ಕಲಿಗುಲನ ಪತ್ನಿಯಾಗಿದ್ದ ಲೋಲಿಯಾ ಪೌಲಿನಾ ಎಂಬಾಕೆಯನ್ನು ಅವನು ಕಣ್ಣಾರೆ ಕಂಡಿದ್ದನಂತೆ. ಸಾಮಾನ್ಯವಾದೊಂದು ನಿಶ್ಚಿತಾರ್ಥದ ಔತಣಕ್ಕೆ ಆಕೆ ತಲೆ, ಕಿವಿ, ಕೊರಳು, ಬೆರಳುಗಳ ತುಂಬ ಪಚ್ಚೆ ಮುತ್ತುಗಳನ್ನು ಧರಿಸಿ ಬಂದಿದ್ದಳು. ಅವುಗಳ ಬೆಲೆ 4 ಕೋಟಿ ಸೆಸ್ಟರ್ಸ್. ಕೇಳಿದವರಿಗೆ ತೋರಿಸಲು ಲೆಕ್ಕದ ಪತ್ರಗಳೂ ಸಿದ್ಧವಾಗಿದ್ದವು! ಅದೇ ಪ್ಲಿನಿ ಮತ್ತೊಂದೆಡೆ, ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗಳನ್ನು ರೋಮ್ ಸಾಮ್ರಾಜ್ಯದಿಂದ ಸೆಳೆದುಕೊಳ್ಳುತ್ತದೆಂದು ಹಲುಬುತ್ತಾನೆ. ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟರೆ, ಇಡೀ ವ್ಯಾಪಾರದ ಒಂದು ವರ್ಷದ ‘ನಷ್ಟ’ವು ಒಬ್ಬ ಶ್ರೀಮಂತೆಯ ಮೈಮೇಲಿನ ಒಡವೆಗಿಂತ ಸ್ವಲ್ಪವೇ ಹೆಚ್ಚು.

ಪ್ಲಿನಿಯ ಈ ದೂರನ್ನು ನೀತಿಬೋಧಕನ ಅತಿಶಯೋಕ್ತಿಯೆಂದು ತಳ್ಳಿಹಾಕಿದ ಇತಿಹಾಸಕಾರರೂ ಉಂಟು. ಆದರೆ ವಿಯೆನ್ನಾದಲ್ಲಿರುವ, 1985ರಲ್ಲಿ ಪ್ರಕಟವಾದ ಪಪೈರಸ್ ಪತ್ರವೊಂದು ಎರಡನೆಯ ಶತಮಾನದಲ್ಲಿ ಮುಜಿರಿಸ್‌ನಿಂದ ಹಿಂತಿರುಗಿದ ಹರ್ಮಪೊಲ್ಲೊನ್ ಎಂಬ ಒಂದೇ ಹಡಗಿನ ಸರಕಿಗೆ ಸುಮಾರು 70 ಲಕ್ಷ ಸೆಸ್ಟರ್ಸ್ ಬೆಲೆ ಕಟ್ಟಿದೆ. ಅದು ಈಜಿಪ್ಟಿನಲ್ಲಿ ಕಟ್ಟಿದ ಬೆಲೆ, ನಮ್ಮವರ ಕೈಸೇರಿದ ಹಣವಲ್ಲ ಎಂಬುದನ್ನು ಮರೆಯಲಾಗದು. ಆದರೂ ಪ್ಲಿನಿಯ ಸಂಖ್ಯೆಯು ಕೇವಲ ಕಲ್ಪನೆಯೆಂದು ಹೇಳುವ ಧೈರ್ಯ ಇನ್ನು ಸಲ್ಲದು.

ಈ ವ್ಯಾಪಾರದ ಹರಳುಗಳಲ್ಲಿ ನಮಗೆ ಹತ್ತಿರದ್ದು ಬೆರಿಲ್. ಗ್ರೀಕರ ‘ಬೇರಿಲ್ಲೋಸ್’ ಎಂಬ ಹೆಸರೇ ನಮ್ಮ ‘ವೈಡೂರ್ಯ’ದ ಪ್ರಾಕೃತ ರೂಪವಾದ ‘ವೇರುಲಿಯ’ದಿಂದ ಹುಟ್ಟಿದುದು. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿಯು ಪಶ್ಚಿಮ ತೀರದ ಒಳನಾಡಿನಲ್ಲಿ ಬೆರಿಲ್ ದೊರೆಯುವ ‘ಪೌನ್ನಾಟ’ವನ್ನು ಹೆಸರಿಸುತ್ತಾನೆ. ವಿದ್ವಾಂಸರು ಇದನ್ನು ಪುನ್ನಾಟವೆಂದು ಗುರುತಿಸಿದ್ದಾರೆ. ಶ್ರೀರಂಗಪಟ್ಟಣವನ್ನು ಬಳಸಿ ಹರಿದ ಕಾವೇರಿಯನ್ನು ತಿರುಮಕೂಡಲಿನಲ್ಲಿ ಸೇರುವ ಕಪಿಲೆಯ ದಡದ ಕಿತ್ತೂರು, ಅಂದಿನ ಕೀರ್ತಿಪುರ, ಈ ನಾಡಿನ ರಾಜಧಾನಿ. ಗಂಗರ ಅವಿನೀತನು ಪುನ್ನಾಟದ ರಾಜಪುತ್ರಿಯನ್ನು ವರಿಸಿದನು. ದುರ್ವಿನೀತನು ಆಕೆಯ ಮಗ.

ಬೆರಿಲ್ಲನ್ನು ಕುರಿತು ಪ್ಲಿನಿ ಹೇಳುವ ಮಾತು ಸ್ವಾರಸ್ಯವಾಗಿದೆ. ಹರಳಿನ ಕಾಂತಿ ಮಂದವಾದುದರಿಂದ ಕುಶಲಕರ್ಮಿಗಳು ಅದನ್ನು ಆರು ಮುಖಗಳಾಗಿ ಸಾಣೆ ಹಿಡಿಯುತ್ತಾರೆಂದು ಬರೆದು, ಹುಟ್ಟುವಾಗಲೇ ಅದಕ್ಕೆ ಕೋನಗಳಿರುತ್ತವೆಂದು ಕೆಲವರ ಅಭಿಪ್ರಾಯವೆಂದೂ ಸೇರಿಸುತ್ತಾನೆ. ಬೆರಿಲ್ಲಿನ ಸ್ಫಟಿಕವು ಸ್ವಭಾವತಃ ಷಟ್ಕೋನಾಕೃತಿಯದು. ಗಣಿಯನ್ನು ಕಾಣದ ಲೇಖಕನು ಬದಿಗಿಟ್ಟ ‘ಕೆಲವರ’ ಮಾತೇ ನಿಜವಾಗಿತ್ತು. ಭಾರತೀಯರು ಸ್ಫಟಿಕಕ್ಕೆ ಬಣ್ಣವೇರಿಸಿ ಹುಸಿ ಬೆರಿಲ್ಲನ್ನು ಮಾಡುವರೆಂಬ ಅವನ ಆರೋಪವನ್ನು ಮಾತ್ರ ನಾವು ಅಲ್ಲಗಳೆಯಲಾರೆವು.

ಇನ್ನು ನಾಣ್ಯದ ಕಥೆ. ಕೆಂಪು ಸಮುದ್ರದ ಸುಂಕದ ಗುತ್ತಿಗೆದಾರನಾದ ಆನಿಯಸ್ ಪ್ಲೊಕಾಮಸ್ ಎಂಬವನ ಸೇವಕನೊಬ್ಬನು ಬಿರುಗಾಳಿಗೆ ಸಿಕ್ಕಿ ಸಿಂಹಳದ್ವೀಪವನ್ನು ಸೇರಿದನು. ಅವನಲ್ಲಿದ್ದ ದಿನಾರಿಗಳು ಬೇರೆ ಬೇರೆ ಚಕ್ರವರ್ತಿಗಳ ಮುದ್ರೆಯವಾದರೂ ಒಂದೇ ತೂಕವಿದ್ದುದನ್ನು ಕಂಡು ಅಲ್ಲಿಯ ರಾಜನು ರೋಮನರ ಪ್ರಾಮಾಣಿಕತೆಗೆ ಬೆರಗಾದನೆಂದು ಪ್ಲಿನಿ ಹೇಳುತ್ತಾನೆ. ಇದು ಆತ್ಮಪ್ರಶಂಸೆಯಂತೆ ತೋರಿದರೂ ನಾಣ್ಯದ ಮೇಲಣ ನಂಬಿಕೆ ಅದನ್ನು ಹೊರಡಿಸಿದ ಅರಸನನ್ನೂ ಮೀರಿ ಉಳಿಯುವುದುಂಟು. ಕಂಠೀರವ ನರಸರಾಜ ಒಡೆಯರು (1638–1659) ಶ್ರೀರಂಗಪಟ್ಟಣದಲ್ಲಿ ಟಂಕಿಸಿದ ಕಂಠೀರಾಯಿ ಹಣವು ಅವರ ತರುವಾಯವೂ ಚಲಾವಣೆಯಲ್ಲಿತ್ತು; ದಿವಾನ್ ಪೂರ್ಣಯ್ಯನವರ ಕಾಲದ ಲೆಕ್ಕಗಳೂ ಕಂಠೀರಾಯಿ ವರಹಗಳಲ್ಲಿಯೇ ಇವೆ.

ಕ್ರಿ. ಶ. 64ರಲ್ಲಿ ನೀರೋ ದಿನಾರಿಯ ತೂಕವನ್ನೂ ಬೆಳ್ಳಿಯನ್ನೂ ತಗ್ಗಿಸಿದನು. ಜರ್ಮನ್ ಜನರು ಹಳೆಯ ನಾಣ್ಯಗಳನ್ನೇ ಆರಿಸಿಕೊಳ್ಳುತ್ತಿದ್ದರೆಂದು ಟ್ಯಾಸಿಟಸ್ ಬರೆದಿದ್ದಾನೆ. ನಮ್ಮ ವರ್ತಕರನ್ನು ಕುರಿತು ಹಾಗೆ ಬರೆದವರಿಲ್ಲ. ಬರೆಯುವ ಅಗತ್ಯವೂ ಇಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ 163 ಬೆಳ್ಳಿಯ ದಿನಾರಿಗಳು ನೀರೋವಿನ ಈ ಕಡಿತಕ್ಕೆ ಮೊದಲಿನವು. ಪ್ರಾಧ್ಯಾಪಕ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರರೂ ಅಗೆದ ಚಂದ್ರವಳ್ಳಿಯ ನೆಲೆಯಲ್ಲಿ ಸಿಕ್ಕಿದವು ಸಹ ಅಗಸ್ಟಸ್ ಮತ್ತು ಟೈಬೀರಿಯಸರವು.