ಹಳೆಯ ಕಾರು, ಮೊದಲ ಬಣ್ಣ

ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸುವವರಿಗೆ ಮೂಲಪಾಠ ಯಾವುದೆಂಬ ಪ್ರಶ್ನೆ ಎದುರಾಗುತ್ತದೆ. ಹಳೆಯ ಕಾರೊಂದನ್ನು ಜೀರ್ಣೋದ್ಧಾರ ಮಾಡುವವರಿಗೂ ಮೂಲ ಬಣ್ಣ ಯಾವುದೆಂಬ ಅಂಥದೇ ಪ್ರಶ್ನೆ ಎದುರಾಗುತ್ತದೆ. ಲಿಪಿಕಾರರ ಕೈಯಲ್ಲಿ ಅಕ್ಷರಗಳು ಬದಲಾಗುತ್ತ ಹೋದಂತೆ ಒಬ್ಬೊಬ್ಬ ಮಾಲೀಕನೂ ತನ್ನ ಕಾಲದ ರುಚಿಗೆ ತಕ್ಕಂತೆ ಕಾರಿಗೆ ಒಂದೊಂದು ಬಣ್ಣ ಬಳಿಸಿರುತ್ತಾನೆ. ಎಂಜಿನ್ನಿನ ಭಾಗ ಸವೆದರೆ ಅಳತೆ ಹಿಡಿದು ಹೊಸದನ್ನು ಮಾಡಿಸಬಹುದು. ಬಣ್ಣಕ್ಕೆ ಅಂಥ ಅಳತೆಗೋಲು ಸುಲಭವಾಗಿ ದೊರೆಯದು. ಇದೆಲ್ಲ ಶ್ರೀಮಂತರ ಶೋಕಿಯೆಂದು ತೋರಬಹುದು. ಆದರೆ ಕೈಗಾರಿಕೆಯ ಇತಿಹಾಸದ ಒಂದು ಅಧ್ಯಾಯವೇ ಆ ತೆಳುವಾದ ಪದರಗಳಲ್ಲಿ ಅಡಗಿದೆ ಎಂಬುದು ನನ್ನ ಎಣಿಕೆ.

ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಕಾರನ್ನೇ ತೆಗೆದುಕೊಳ್ಳೋಣ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಈ ಕಾರಿನ ಬಣ್ಣ ಕಪ್ಪು ಎಂದು ಲೋಕವೆಲ್ಲ ನಂಬಿದೆ. ವಸ್ತುಸ್ಥಿತಿ ಬೇರೆ. ಮೊದಲ ವರ್ಷಗಳಲ್ಲಿ ಕೆಂಪು, ಬೂದು, ಹಸಿರು ಬಣ್ಣದ ಕಾರುಗಳಿದ್ದವು. ಆಮೇಲೆ ಕಡುನೀಲಿ ಬಂತು. ಕಪ್ಪೊಂದೇ ಆಳಿದ್ದು 1914ರಿಂದ 1925ರವರೆಗೆ. ಕಪ್ಪು ಬೇಗ ಒಣಗುತ್ತಿತ್ತು, ಆದ್ದರಿಂದ ಫೋರ್ಡ್ ಅದನ್ನೇ ಆರಿಸಿದ ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಕಪ್ಪು ಅಗ್ಗ, ಬಾಳಿಕೆ ಹೆಚ್ಚು. 1913ರಲ್ಲಿ ಆರಂಭವಾದ ಚಲಿಸುವ ಜೋಡಣೆಯ ಸಾಲಿಗೆ ಒಂದೇ ಬಣ್ಣವಿದ್ದರೆ ಅನುಕೂಲವೂ ಹೆಚ್ಚು. ಮೇಲಾಗಿ ಆ ಕಪ್ಪು ಒಂದೇ ಕಪ್ಪಲ್ಲ. ಮಡ್‌ಗಾರ್ಡಿಗೆ ಒಂದು, ಒಡಲಿಗೆ ಇನ್ನೊಂದು. ಕೆಲವು ಭಾಗಗಳನ್ನು ಬಣ್ಣದಲ್ಲಿ ಅದ್ದಿ ತೆಗೆಯುತ್ತಿದ್ದರು, ಕೆಲವಕ್ಕೆ ಡಾಂಬರಿನ ಜಾತಿಯ ವಸ್ತು ಬೆರೆತ ಬಣ್ಣ ಬಳಿದು ಒಲೆಯಲ್ಲಿ ಬೇಯಿಸುತ್ತಿದ್ದರು. ಇಂದಿನ ಕನ್ನಡಿಯಂಥ ಕಪ್ಪನ್ನು ಇಡೀ ಕಾರಿಗೆ ಒಂದೇ ಸಮನೆ ಹೊಡೆದರೆ ಹೆಸರಿಗೆ ಬಣ್ಣ ಸರಿ, ಇತಿಹಾಸ ತಪ್ಪು.

ಹಳೆಯ ಛಾಯಾಚಿತ್ರಗಳನ್ನು ನೋಡಿ ನಿರ್ಧರಿಸಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಅಂದಿನ ಚಿತ್ರಗಳಲ್ಲಿರುವುದು ಕಪ್ಪು-ಬಿಳುಪು ಮಾತ್ರ. ಸಾಲದುದಕ್ಕೆ, ಆ ಕಾಲದಲ್ಲಿ ಬಳಕೆಯಲ್ಲಿದ್ದ ಎಷ್ಟೋ ಛಾಯಾಫಲಕಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಹೀಗಾಗಿ ಚಿತ್ರದಲ್ಲಿ ಕೆಂಪು ಕಾರು ಕಪ್ಪಾಯಿತು, ನೀಲಿ ಇದ್ದುದಕ್ಕಿಂತ ತಿಳಿಯಾಯಿತು. ಪ್ರತ್ಯಕ್ಷ ಸಾಕ್ಷಿಯೆಂದು ನಾವು ನಂಬುವುದೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಬಣ್ಣದ ಚರಿತ್ರೆಯಲ್ಲಿ ದೊಡ್ಡ ತಿರುವು ಬಂದದ್ದು ಮೊದಲ ಮಹಾಯುದ್ಧದ ತರುವಾಯ. ಅಲ್ಲಿಯವರೆಗೆ ಉತ್ತಮ ದರ್ಜೆಯ ಕಾರುಗಳಿಗೆ ಕುದುರೆ ಸಾರೋಟಿನ ಸಂಪ್ರದಾಯದಂತೆ ಕುಂಚದಿಂದ ಬಣ್ಣ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಕೊನೆಗೆ ಮೆರುಗೆಣ್ಣೆ ಕೊಡುತ್ತಿದ್ದರು; ಇದಕ್ಕೆ ವಾರಗಳೇ ಹಿಡಿಯುತ್ತಿದ್ದವು. ಹತ್ತಿಯ ನಾರನ್ನು ಆಮ್ಲಗಳಲ್ಲಿ ಸಂಸ್ಕರಿಸಿದರೆ ದೊರೆಯುವ ನೈಟ್ರೊಸೆಲ್ಯುಲೋಸ್ ಸಿಡಿಮದ್ದಿನ ಮುಖ್ಯ ವಸ್ತು. ಯುದ್ಧಕ್ಕೆ ಮದ್ದು ಒದಗಿಸಿದ್ದ ಡುಪಾಂಟ್ ಸಂಸ್ಥೆ ಅದೇ ವಸ್ತುವಿನಿಂದ ‘ಡ್ಯೂಕೋ’ ಎಂಬ ಬಣ್ಣವನ್ನು ಸಿದ್ಧಪಡಿಸಿತು. ಪಿಚಕಾರಿಯಂತೆ ಚಿಮ್ಮಿಸಬಹುದಾದ ಈ ಬಣ್ಣ ಗಂಟೆಗಳಲ್ಲಿ ಒಣಗುತ್ತಿತ್ತು. ಜನರಲ್ ಮೋಟಾರ್ಸಿನ ಓಕ್‌ಲ್ಯಾಂಡ್ ಕಾರುಗಳು 1924ರ ಮಾದರಿಯಲ್ಲಿ ಅದರ ನೀಲಿಯನ್ನು ತೊಟ್ಟು ಹೊರಬಂದವು. ಅಗ್ಗದ ಕಾರಿಗೂ ಬಣ್ಣದ ಆಯ್ಕೆ ಸಾಧ್ಯವಾಯಿತು. ಫೋರ್ಡ್ ಕೂಡ ಮಣಿಯಬೇಕಾಯಿತು. 1926ರ ಮಾದರಿಗಳಲ್ಲಿ ಹಸಿರು, ಮರೂನ್ ಬಣ್ಣಗಳು ಮರಳಿದವು. 1927ರಲ್ಲಿ ಜನರಲ್ ಮೋಟಾರ್ಸ್ ಕಲೆ ಮತ್ತು ಬಣ್ಣಕ್ಕೆಂದೇ ಒಂದು ವಿಭಾಗ ತೆರೆದು ಹಾರ್ಲೆ ಅರ್ಲ್ ಎಂಬುವನನ್ನು ಅದಕ್ಕೆ ಮುಖ್ಯಸ್ಥನನ್ನಾಗಿ ಮಾಡಿತು. ನಮ್ಮಲ್ಲಿ ಬಡಗಿಗಳೂ ಪೇಂಟರುಗಳೂ ನುಣುಪಾದ ಬಣ್ಣಕ್ಕೆ ‘ಡ್ಯೂಕೋ’ ಎನ್ನುವುದುಂಟು. ಆ ಮಾತಿನ ಹಿಂದೆ ಇಷ್ಟು ಕಥೆಯಿದೆ.

ಇನ್ನು ಮೂಲ ಬಣ್ಣವನ್ನು ಹುಡುಕುವ ಬಗೆ. ಬಿಸಿಲು ಮಳೆ ತಾಗದ ಎಡೆಗಳೇ ಇಲ್ಲಿ ಶಾಸನದ ಕಲ್ಲುಗಳು: ಸೀಟಿನ ಅಡಿ, ಬಾಗಿಲ ಕೀಲಿನ ಹಿಂಬದಿ, ಅಲಂಕಾರದ ಪಟ್ಟಿಯ ಮರೆ, ಮುಂಭಾಗದ ಹಲಗೆಯ ಒಳಮೈ. ಅಲ್ಲಿ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಮೆಲ್ಲನೆ ಓರೆಯಾಗಿ ಉಜ್ಜಿದರೆ ಪದರಗಳು ಮರದ ಕಾಂಡದ ಬಳೆಗಳಂತೆ ಒಂದರೊಳಗೊಂದು ತೆರೆದುಕೊಳ್ಳುತ್ತವೆ. ತೀರ ಒಳಗಿನದು ತುಕ್ಕು ತಡೆಯುವ ಅಡಿಬಣ್ಣ. ಅದರ ಮೇಲಿನದು ಸಾಮಾನ್ಯವಾಗಿ ಕಾರ್ಖಾನೆಯ ಬಣ್ಣ. ದುರಸ್ತಿ ಅಂಗಡಿಗಳಿಗಾಗಿ ಬಣ್ಣದ ಕಂಪನಿಗಳು ಹೊರತರುತ್ತಿದ್ದ ಮಾದರಿ ಪುಸ್ತಕಗಳೊಡನೆ ಇದನ್ನು ಹೋಲಿಸಬೇಕು.

ಇಷ್ಟಾದರೂ ತೊಡಕು ಮುಗಿಯದು. ಬಣ್ಣಕ್ಕೂ ಮುಪ್ಪುಂಟು. ನೈಟ್ರೊಸೆಲ್ಯುಲೋಸ್ ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ. ಆಗ ನೀಲಿ ಹಸಿರಿನತ್ತ ವಾಲುತ್ತದೆ, ಬಿಳಿ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಕೆಲವು ಕೆಂಪುಗಳು ಬಿಸಿಲಿಗೆ ಮಾಸುತ್ತವೆ. ಬಣ್ಣ ಅಳೆಯುವ ಯಂತ್ರ ಎಷ್ಟೇ ನಿಖರವಾಗಿದ್ದರೂ ಅದು ಹೇಳುವುದು ಇಂದಿನ ಬಣ್ಣವನ್ನು, ಕಾರು ಕಾರ್ಖಾನೆಯ ಬಾಗಿಲು ದಾಟಿದ ದಿನದ ಬಣ್ಣವನ್ನಲ್ಲ. ಬಿಸಿಲಿನಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ವಿದ್ಯುದ್ದೀಪದ ಕೆಳಗೆ ಬೇರೆಯಾಗಿ ಕಾಣುವುದೂ ಉಂಟು. ಅವುಗಳಲ್ಲಿ ಬೆರೆತ ಪುಡಿಗಳೇ ಬೇರೆ. ಆದ್ದರಿಂದ ಬಣ್ಣ ಹೊಂದಿಸುವವನಿಗೆ ಕಣ್ಣು, ಯಂತ್ರ, ದಾಖಲೆ ಮೂರೂ ಬೇಕು; ಅವು ಒಂದಕ್ಕೊಂದು ಒಪ್ಪದಿದ್ದಾಗ ವಿವೇಕ ಬೇಕು.

ನನಗೆ ಕಳವಳ ತರುವ ಸಂಗತಿಯೊಂದಿದೆ. ಉತ್ಸಾಹಿಯಾದ ಮಾಲೀಕ ಮೊದಲು ಮಾಡುವ ಕೆಲಸವೆಂದರೆ ಹಳೆಯ ಬಣ್ಣವನ್ನೆಲ್ಲ ಲೋಹ ಕಾಣುವವರೆಗೆ ಕೆರೆದು ಹಾಕುವುದು. ಅದರೊಡನೆ ಸಾಕ್ಷ್ಯವೆಲ್ಲ ಧೂಳಾಗಿ ಹೋಗುತ್ತದೆ. ಹೊಸದಾಗಿ ನಕಲು ಪ್ರತಿ ಬರೆದು ತಾಳೆಗರಿಯನ್ನು ಒಲೆಗೆ ಹಾಕಿದಂತೆ ಇದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ 2012-13ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಉಳಿದುದನ್ನು ಕಾಪಾಡುವುದಕ್ಕೆ ಮೊದಲ ಸ್ಥಾನ ಕೊಟ್ಟಿದೆ; ಮಾಡಿದ ಬದಲಾವಣೆಗಳನ್ನು ದಾಖಲಿಸಬೇಕೆಂದೂ ಹೇಳಿದೆ. ಹೊಸ ಬಣ್ಣ ಬೇಡವೆಂದು ನಾನು ಹೇಳುತ್ತಿಲ್ಲ. ತುಕ್ಕು ಹಿಡಿದ ತಗಡಿಗೆ ರಕ್ಷಣೆ ಬೇಕೇ ಬೇಕು. ಆದರೆ ಸೀಟಿನ ಕೆಳಗಾದರೂ ಅಂಗೈಯಗಲ ಹಳೆಯ ಪದರವನ್ನು ಮುಟ್ಟದೆ ಉಳಿಸಲಿ. ಯಾವ ಬಣ್ಣವನ್ನು ಯಾವ ಆಧಾರದ ಮೇಲೆ ಆರಿಸಿದೆವೆಂಬುದನ್ನು ಬರೆದಿಡಲಿ. ಒಳ್ಳೆಯ ಸಂಪಾದಕ ತಾನು ಒಪ್ಪದ ಪಾಠಾಂತರವನ್ನೂ ಅಡಿಟಿಪ್ಪಣಿಯಲ್ಲಿ ಕೊಟ್ಟಿರುತ್ತಾನೆ. ಮುಂದೆ ಬರುವವರು ನಮಗಿಂತ ಹೆಚ್ಚು ಬಲ್ಲವರಾಗಿರಬಹುದು; ನಮ್ಮನ್ನು ತಿದ್ದುವ ಅವಕಾಶ ಅವರಿಗೆ ಉಳಿದಿರಬೇಕು.