ತೊಲಿ ಬಂಗಾರದಿಂದ ಬಾಂಡ್ ಬಂಗಾರದವರೆಗೆ



ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಬಂಗಾರದ ಮಾತೇಕೆ ಎಂದು ಕೆಲವರು ಕೇಳಬಹುದು. ಬಿತ್ತನೆ ಹೊತ್ತಿಗೆ, ಆಸ್ಪತ್ರೆ ಖರ್ಚಿಗೆ, ಮಕ್ಕಳ ಫೀಗೆ ರೈತ ಮೊದಲು ನೋಡುವುದು ಮನೆಯ ಬಂಗಾರದ ಕಡೆಗೇ. ಆದ್ದರಿಂದ ಈ ಉಳಿತಾಯ ಹೇಗೆ ಬೆಳೆದುಬಂತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತಿದ್ದೇನೆ.

ನಾವು ರೊಕ್ಕಕ್ಕೆ 'ಹಣ' ಅನ್ನುತ್ತೇವೆ. ಹಣ ಎಂಬುದು ಹಿಂದೆ ಒಂದು ಸಣ್ಣ ಬಂಗಾರದ ನಾಣ್ಯದ ಹೆಸರು. ವಿಜಯನಗರದ ಕಾಲದಲ್ಲಿ ಹತ್ತು ಹಣಕ್ಕೆ ಒಂದು ವರಹ. ವರಹದ ತೂಕ ಸುಮಾರು 3.4 ಗ್ರಾಂ. ಮೈಸೂರಿನ ಕಂಠೀರವ ನರಸರಾಜ ಒಡೆಯರ (1638-1659) ಕಾಲದ ಕಂಠೀರಾಯ ಹಣವೂ ಹೆಸರಾದದ್ದು. ಆಗ ಹಣ ಕೂಡಿಡುವುದೂ ಬಂಗಾರ ಕೂಡಿಡುವುದೂ ಒಂದೇ ಆಗಿತ್ತು.

ಕಾಗದದ ನೋಟು ಬಂದ ಮೇಲೂ ನಮ್ಮ ಹಿರಿಯರು ರೂಢಿ ಬಿಡಲಿಲ್ಲ. ಸುಗ್ಗಿ ಮುಗಿದು ಹತ್ತಿ, ಶೇಂಗಾದ ರೊಕ್ಕ ಬಂದಾಗ ಪತ್ತಾರರ ಮನೆಗೆ ಹೋಗಿ ಸರಕ್ಕೆ ನಾಲ್ಕು ಗುಂಡು ಸೇರಿಸುವುದು, ಇಲ್ಲವೇ ಬೋರಮಾಳ ಮಾಡಿಸುವುದು. ತೂಕಕ್ಕೆ ಗುಲಗಂಜಿ, ಮಾಸಿ, ತೊಲಿ. ಹಳೆಯ ತೊಲಿ 11.66 ಗ್ರಾಂ, ಈಗ 10 ಗ್ರಾಂಗೇ ತೊಲಿ ಅನ್ನುವ ರೂಢಿ ಬಂದಿದೆ. ಕೈಯಾಗಿನ ರೊಕ್ಕ ನಿಲ್ಲೂದಿಲ್ಲ, ಮೈಮ್ಯಾಲಿನ ಬಂಗಾರ ನಿಲ್ತದ ಎಂಬ ಹಿರಿಯರ ಲೆಕ್ಕ ತಪ್ಪಲ್ಲ. ಆದರೆ ಮಾಡಿಸುವಾಗ ಕೂಲಿ, ಸವಕಳಿ. ಮುರಿಸುವಾಗ ಬೆಸುಗೆಯ ಕಡತ. ಒತ್ತಿ ಇಟ್ಟರೆ ಸಾವುಕಾರರ ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಎಂದರೆ ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು ನೂರಕ್ಕೆ ಮೂವತ್ತಾರು!

1962ರ ಚೀನಾ ಯುದ್ಧದ ನಂತರ ಸರಕಾರ ಬಂಗಾರದ ಮೇಲೆ ಕಣ್ಣಿಟ್ಟಿತು. ಮುರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಗಳಾಗಿದ್ದಾಗ, 1963ರ ಜನವರಿಯಲ್ಲಿ, 14 ಕ್ಯಾರೆಟ್‌ಗಿಂತ ಶುದ್ಧವಾದ ಆಭರಣ ಮಾಡಬಾರದೆಂದು ನಿಯಮ ಬಂತು. ದೇಶದಾದ್ಯಂತ ಎಷ್ಟೋ ಪತ್ತಾರರ ಕುಲುಮೆ ಆರಿತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೇ ಬಂತು. ಆದರೂ ಜನರ ಆಸೆ ಕಡಿಮೆಯಾಗಲಿಲ್ಲ, ಕಳ್ಳಸಾಗಣೆ ನಿಲ್ಲಲಿಲ್ಲ. ಕೊನೆಗೆ 1990ರಲ್ಲಿ ಕಾಯಿದೆ ರದ್ದಾಯಿತು.

ಮರುವರ್ಷವೇ ಸರಕಾರಕ್ಕೂ ನಮ್ಮಂಥದೇ ಕಷ್ಟ ಬಂತು. ಆಮದಿಗೆ ಕೊಡಲು ವಿದೇಶಿ ಹಣವಿಲ್ಲದೆ, 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಬಂಗಾರವನ್ನು ಇಂಗ್ಲೆಂಡಿಗೆ ಕಳಿಸಿ ಒತ್ತಿ ಇಡಬೇಕಾಯಿತು. ನಂತರ ಸಾಲ ತೀರಿಸಿ ಬಿಡಿಸಿಕೊಂಡರು. ಬಂಗಾರ ಒತ್ತಿ ಇಡುವುದರಲ್ಲಿ ನಾಚಿಕೆಯಿಲ್ಲ, ಬಿಡಿಸಿಕೊಳ್ಳದಿದ್ದರೆ ನಷ್ಟ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಈಚಿನ ಪದ್ಧತಿಗಳೂ ಹಲವು. 2000ದಲ್ಲಿ ಹಾಲ್‌ಮಾರ್ಕ್ ಮುದ್ರೆ ಶುರುವಾಯಿತು; 2021ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 916 ಎಂದಿದ್ದರೆ ಸಾವಿರ ಭಾಗದಲ್ಲಿ 916 ಭಾಗ ಚೊಕ್ಕ ಬಂಗಾರ, ಅಂದರೆ 22 ಕ್ಯಾರೆಟ್. ಈಗ ಜೊತೆಗೆ ಅಂಕಿ-ಅಕ್ಷರಗಳ ಆರು ಗುರುತು ಇರಬೇಕು. 2007ರಲ್ಲಿ ಷೇರುಪೇಟೆಯಲ್ಲಿ ಕೊಳ್ಳುವ ಗೋಲ್ಡ್ ಇಟಿಎಫ್ ಬಂತು. 2015ರಲ್ಲಿ ಸರಕಾರದ ಬಂಗಾರದ ಬಾಂಡ್ ಬಂತು: ಎಂಟು ವರ್ಷದ ಅವಧಿ, ಮೇಲೆ ಬಡ್ಡಿ, ಕೂಲಿಯಿಲ್ಲ, ಕಳ್ಳರ ಭಯವಿಲ್ಲ. ಅದರ ಕೊನೆಯ ಕಂತು ಬಿಟ್ಟದ್ದು 2024ರ ಫೆಬ್ರವರಿಯಲ್ಲಿ.

ಬಂಗಾರದ ದರ ಇಳಿಯುವುದೇ ಇಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿರಿ. 1980ರ ಜನವರಿಯಲ್ಲಿ ಒಂದು ಔನ್ಸಿಗೆ 850 ಡಾಲರ್ ಮುಟ್ಟಿದ ದರ 1999ರಲ್ಲಿ 250ರ ಹತ್ತಿರ ಬಂದಿತ್ತು. 2025ರಲ್ಲಿ 10 ಗ್ರಾಂಗೆ ಲಕ್ಷ ರೂಪಾಯಿ ದಾಟಿದ್ದನ್ನು ನೋಡಿ, ಸಾಲ ಮಾಡಿ ಬಂಗಾರ ಕೊಳ್ಳುವುದು ಜಾಣತನವಲ್ಲ. ರೈತನಿಗೆ ಬಂಗಾರ ಲಾಭದ ವ್ಯಾಪಾರವಲ್ಲ, ಆಪತ್ತಿನ ಗಂಟು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ್ದು ರೈತ ಬಡ್ಡಿಯ ಬಲೆಯಿಂದ ಪಾರಾಗಲೆಂದು. ಬಂಗಾರದ ಮೇಲೆ ಸಾಲ ಕೊಡುವ ಪ್ರತಿ ಸಂಘವೂ ಅದೇ ದಾರಿಯಲ್ಲಿ ನಡೆಯಬೇಕು.

ಕೊನೆಗೊಂದು ಮಾತು. ತವರಿನಿಂದ ಬಂದ, ಮದುವೆಯಲ್ಲಿ ಹಾಕಿದ ಬಂಗಾರ ಹೆಣ್ಣುಮಗಳದು. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ ಎಂದು 1985ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಗಂಡ ಒತ್ತಿ ಇಡುತ್ತಾನೆ, ಹರಾಜಿನ ನೋಟೀಸು ಬಂದಾಗಲೇ ಆಕೆಗೆ ಗೊತ್ತಾಗುತ್ತದೆ. ಇದು ನಿಲ್ಲಬೇಕು. ಒತ್ತಿ ಇಡುವ ಮುಂಚೆ ಮನೆಯಾಕೆಯನ್ನು ಕೇಳಿರಿ; ತೂಕ, ಬಡ್ಡಿ, ವಾಯಿದೆ ಮೂರನ್ನೂ ಚೀಟಿಯಲ್ಲಿ ಓದಿಸಿರಿ; ಮಾಲು ಮಾರಿದ ರೊಕ್ಕದಲ್ಲಿ ಮೊದಲು ಆ ಗಂಟು ಬಿಡಿಸಿರಿ. ಹೊಸ ಒಡವೆ ಆಮೇಲೆ ನೋಡಿದರಾಯಿತು ಎಂದು ಎಲ್ಲ ಸದಸ್ಯರಲ್ಲಿ ನನ್ನ ಕಳಕಳಿಯ ವಿನಂತಿ.