ಚೌಕದೊಳಗಿನ ಅಕ್ಷರ ಬಂದ ದಾರಿ

ಇನ್‌ಸ್ಟಾಗ್ರಾಮ್‌ನ ಪರಿಚಯದ ಸಾಲಿನಲ್ಲಿ, ಯೂಟ್ಯೂಬ್ ಶೀರ್ಷಿಕೆಯಲ್ಲಿ, ಮೊಬೈಲ್ ಆಟಗಾರರ ಅಡ್ಡಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರಗಳು ಒಂದೊಂದೂ ಒಂದೊಂದು ಚೌಕದೊಳಗೆ ಕೂತಿರುವುದುಂಟು. ನೋಡಿದವರು ಅದನ್ನು ಫಾಂಟ್ ಎನ್ನುತ್ತಾರೆ, ತಯಾರಿಸಿಕೊಡುವ ಜಾಲತಾಣಗಳೂ ಹಾಗೆಯೇ ಹೇಳಿಕೊಳ್ಳುತ್ತವೆ. ಆದರೆ ಅದು ಫಾಂಟ್ ಅಲ್ಲ. ಕಂಪ್ಯೂಟರುಗಳಿಗಾಗಿ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಮಾಮೂಲಿ ‘ಎ’ಗೆ ಒಂದು ಸಂಖ್ಯೆ, ಚೌಕದ ‘ಎ’ಗೆ ಬೇರೆಯೇ ಸಂಖ್ಯೆ, ಒಂದನ್ನು ತೆಗೆದು ಇನ್ನೊಂದನ್ನು ಇಡುವುದಷ್ಟೇ ಆ ತಾಣಗಳ ಕೆಲಸ. ಈ ಅಕ್ಷರಗಳನ್ನು ಪಟ್ಟಿಗೆ ಸೇರಿಸಿದವರ ಮನಸ್ಸಿನಲ್ಲಿ ಅಲಂಕಾರದ ಯೋಚನೆಯೇ ಇರಲಿಲ್ಲ.

ಜಪಾನಿನಲ್ಲಿ ಟೀವಿ ಕಾರ್ಯಕ್ರಮಗಳ ಪಟ್ಟಿ ಅಚ್ಚಾಗುವಾಗ ಜಾಗ ಉಳಿಸಲು ಚೌಕದ ಗುರುತುಗಳನ್ನು ಬಳಸುವ ರೂಢಿಯಿದೆ: ಮರುಪ್ರಸಾರಕ್ಕೊಂದು, ಹೊಸ ಧಾರಾವಾಹಿಗೊಂದು, ಕೊನೆಯ ಕಂತಿಗೊಂದು, ಅಡಿಬರಹವಿದ್ದರೆ ಮತ್ತೊಂದು. 2003ರಲ್ಲಿ ಅಲ್ಲಿ ಭೂತಲ (ಟೆರೆಸ್ಟ್ರಿಯಲ್) ಡಿಜಿಟಲ್ ಪ್ರಸಾರ ಶುರುವಾದಾಗ ಈ ಗುರುತುಗಳು ಪ್ರಸಾರದ ಮಾನಕದೊಳಗೇ ಇದ್ದವು. ಆ ಮಾಹಿತಿ ಕಂಪ್ಯೂಟರಿಗೆ ಬಂದು ಹೋಗುವಾಗ ಏನೂ ಕಳೆಯಬಾರದೆಂದು 2009ರ ಯೂನಿಕೋಡ್ 5.2 ಅವನ್ನು ಸೇರಿಸಿಕೊಂಡಿತು. ಗಮನಿಸಬೇಕಾದದ್ದು ಇಲ್ಲಿದೆ. ಆಗ ಬಂದ ಚೌಕದ ಇಂಗ್ಲಿಷ್ ಅಕ್ಷರಗಳು ಬಿ, ಎನ್, ಪಿ, ಎಸ್, ಡಬ್ಲ್ಯು ಮುಂತಾದ ಕೆಲವೇ. ಪಟ್ಟಿಯ ನಡುನಡುವೆ ಖಾಲಿ ಮನೆಗಳು. ಅವುಗಳಿಂದ ಒಂದು ಹೆಸರು ಬರೆಯಲೂ ಆಗುತ್ತಿರಲಿಲ್ಲ, ಏಕೆಂದರೆ ಅವು ವರ್ಣಮಾಲೆಯೇ ಅಲ್ಲ, ಬಿಡಿ ಚಿಹ್ನೆಗಳು. 2010ರ 6.0 ಆವೃತ್ತಿಯಲ್ಲಿ ಜಪಾನಿ ಮೊಬೈಲುಗಳ ಎಮೋಜಿಗಳು ಬಂದವು. ಅವುಗಳೊಡನೆ ಎ, ಬಿ, ಎಬಿ, ಓ ಎಂಬ ರಕ್ತದ ಗುಂಪುಗಳ ಬಣ್ಣದ ಚೌಕಗಳೂ ಬಂದವು (ರಕ್ತದ ಗುಂಪಿನಿಂದ ಸ್ವಭಾವ ತಿಳಿಯುತ್ತದೆ ಎಂಬುದು ಅಲ್ಲಿನ ಜನಪ್ರಿಯ ನಂಬಿಕೆ, ನಮ್ಮಲ್ಲಿ ಆ ಕೆಲಸ ರಾಶಿ ನಕ್ಷತ್ರಗಳದ್ದು). ಅದೇ ಆವೃತ್ತಿಯಲ್ಲಿ ಉಳಿದ ಖಾಲಿ ಮನೆಗಳೂ ತುಂಬಿ ಎ-ಇಂದ ಝಡ್‌ವರೆಗಿನ ಸಾಲು ಪೂರ್ತಿಯಾಯಿತು. ಚೌಕದಲ್ಲಿ ಪದ ಬರೆಯುವುದು ಸಾಧ್ಯವಾದದ್ದು ಆಗಲೇ. ಹಳೆಯ ದತ್ತಾಂಶದ ಸಾಲ ತೀರಿಸಲು ಹೋದ ಮಾನಕಕ್ಕೆ ಒಂದು ಹೊಸ ಲಿಪಿಯೇ ಬೋನಸ್ಸಾಗಿ ಬಂತು.

ಇದಕ್ಕೆ ಗಿರಾಕಿ ಒದಗಿಸಿದ್ದು ಸಾಮಾಜಿಕ ಮಾಧ್ಯಮ. 2006ರಲ್ಲಿ ಆರಂಭವಾದ ಟ್ವಿಟರ್ ದಪ್ಪಕ್ಷರ, ಓರೆಯಕ್ಷರಗಳಿಗೆ ಗುಂಡಿ ಕೊಡಲಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೋಸ್ಟುಗಳಲ್ಲೂ ಬರಹ ಬೋಳುಬೋಳಾಗಿಯೇ ಉಳಿಯಿತು. ಎಲ್ಲರ ಹೆಸರೂ ಒಂದೇ ಥರ ಕಾಣುವಲ್ಲಿ ಎದ್ದು ಕಾಣಬೇಕೆನ್ನುವವರು ಕೈಗೆ ಸಿಕ್ಕಿದ್ದನ್ನು ಹಿಡಿದರು. ಗಣಿತಜ್ಞರಿಗಾಗಿ 2001ರಲ್ಲಿ ಸೇರಿಸಿದ್ದ ಬಳ್ಳಿಬಳ್ಳಿ ಅಕ್ಷರಗಳೂ ಹೀಗೆಯೇ ಮದುವೆ ಆಮಂತ್ರಣದ ಪಾಲಾದವು.

ಇದರಲ್ಲಿ ತಪ್ಪೇನು, ಟೈಪ್‌ರೈಟರಿನ ಕಾಲದಿಂದ ಜನ ಇದನ್ನೇ ಮಾಡಿಲ್ಲವೇ ಎಂದು ಕೇಳಬಹುದು. ಹೌದು, ಫ್ಲೋರಾ ಸ್ಟೇಸಿ ಎಂಬಾಕೆ 1898ರಲ್ಲೇ ಟೈಪ್‌ರೈಟರಿನಿಂದ ಚಿಟ್ಟೆ ಬಿಡಿಸಿದ್ದಳು. ಆದರೆ ಆ ಚಿಟ್ಟೆಯನ್ನು ಯಾರೂ ಪದವೆಂದು ಓದಬೇಕಾಗಿರಲಿಲ್ಲ, ಹುಡುಕಬೇಕಾಗಿರಲಿಲ್ಲ. ಚೌಕದ ಹೆಸರು ಮಾತ್ರ ಹೆಸರಾಗಿಯೇ ಕೆಲಸ ಮಾಡಬೇಕು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಒಂದೊಂದೇ ಚಿಹ್ನೆಯ ಉದ್ದುದ್ದ ಹೆಸರಾಗಿ ಉಸುರಬಹುದು, ಇಲ್ಲವೇ ಹಾರಿಸಿಬಿಡಬಹುದು. ತಂತ್ರಾಂಶ ಜಾಣವಾದರೆ ಇದು ಸರಿಹೋಗುತ್ತದೆ ಎಂಬ ವಾದ ಅರ್ಧ ನಿಜ: ಬಿಳಿ ಚೌಕದ ಅಕ್ಷರಕ್ಕೆ ಮೂಲ ಅಕ್ಷರದ ಕೊಂಡಿಯನ್ನು ಯೂನಿಕೋಡ್ ಕೊಟ್ಟಿದೆ, ಬಣ್ಣ ತುಂಬಿದ ಚೌಕಕ್ಕೆ ಕೊಟ್ಟಿಲ್ಲ. ಕಾಣುವ ಅಕ್ಷರ ಒಂದು, ಒಳಗಿನ ಸಂಕೇತ ಇನ್ನೊಂದು ಎಂಬ ಪೇಚು ಕನ್ನಡಿಗರಿಗೆ ಹೊಸದಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇರುತ್ತಿರಲಿಲ್ಲ, ಅಡ್ಡಾದಿಡ್ಡಿ ರೋಮನ್ ಚಿಹ್ನೆಗಳಿರುತ್ತಿದ್ದವು. ಅಂಥ ಪೇಚಿನಿಂದ ಬಿಡಿಸಿದ ಯೂನಿಕೋಡಿನೊಳಗೇ ಅದು ಇಂಗ್ಲಿಷಿಗೆ ಅಂಟಿಕೊಂಡಿದೆ.

ಬಳಸುವವರನ್ನು ದೂರಿ ಫಲವಿಲ್ಲ. ಗುಂಡಿ ಕೊಡದ ವೇದಿಕೆಗಳದ್ದೇ ಹೆಚ್ಚಿನ ಹೊಣೆ. ಒಮ್ಮೆ ಸೇರಿಸಿದ ಅಕ್ಷರವನ್ನು ತೆಗೆಯುವುದಿಲ್ಲ ಎಂಬುದು ಯೂನಿಕೋಡಿನ ನಿಯಮವಾದ್ದರಿಂದ ಚೌಕಗಳು ಎಲ್ಲಿಗೂ ಹೋಗುವುದಿಲ್ಲ. ಕನ್ನಡಕ್ಕಂತೂ ಅವು ಬಂದೇ ಇಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಹಿಂದೆ ಆರು ಸಂಕೇತಗಳಿರುವ ಲಿಪಿಯಲ್ಲಿ ಸಂಕೇತಕ್ಕೊಂದು ಚೌಕ ಹಾಕುವಂತಿಲ್ಲ. ಆದ್ದರಿಂದ ಕನ್ನಡದ ಹೆಸರನ್ನು ಸಿಂಗರಿಸುವವರು ಎರಡೂ ಬದಿಗೆ ಜಾವಾ ಲಿಪಿಯ ಶೀರ್ಷಿಕೆ ಕಂಸಗಳನ್ನೋ ಸಿಖ್ಖರ ಖಂಡಾ ಚಿಹ್ನೆಯನ್ನೋ ನಿಲ್ಲಿಸುತ್ತಾರೆ. ಜಾವಾದವರಿಗೂ ಸಿಖ್ಖರಿಗೂ ಇದು ಹೇಗೆ ಕಾಣುತ್ತದೋ, ಆ ಪ್ರಶ್ನೆ ಬೇರೆ. ಆದರೆ ನಡುವಿನ ಹೆಸರು ಕನ್ನಡದ ಸಂಕೇತಗಳಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.